ಉಡಚಮ್ಮನ ಪಾಲು

ಹರಿಹರದ ಮಹಿಳಾ ಹೊಲಿಗೆ ಸಂಘದಲ್ಲಿ ಉಡಚಮ್ಮನಷ್ಟು ಚುರುಕಾಗಿ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಶಾಲೆಗಳ ಸಮವಸ್ತ್ರದಲ್ಲಿ ಹೆಚ್ಚಿನದು ಅವಳ ಮಿಷನ್ನಿನಿಂದಲೇ ಇಳಿಯುತ್ತಿತ್ತು. ಆದರೆ ಬಂದ ಹಣ ಎಲ್ಲರಿಗೂ ಸಮಪಾಲು. ಹಿಂದೆ ಗಿರಣಿಯಲ್ಲಿ ಕೆಂಬಾವುಟ ಹಿಡಿದಿದ್ದ ತಿಮ್ಮವ್ವ ಸಂಘ ಕಟ್ಟುವಾಗಲೇ ಮಾಡಿದ ನಿಯಮವದು.

ಉಡಚಮ್ಮನ ಕಣ್ಣು ಸಂಘದಲ್ಲಿ ಜೊತೆಗಿದ್ದ ಪುಷ್ಪಲತಾಳ ಮೇಲಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಅವಳು ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅವಳು ಹೊಸ ಸೀರೆ ಉಟ್ಟು ಬಂದ ದಿನ ಉಡಚಮ್ಮನಿಗೆ ಊಟ ಸೇರಲಿಲ್ಲ.

"ನಾನು ದುಡಿಯೋದು, ಆಕಿ ಉಡೋದು. ಇದ್ಯಾವ ನ್ಯಾಯ ತಿಮ್ಮವ್ವಾರೆ?"

"ಆಕಿ ಮನ್ಯಾಗ ದುಡಿಯೋದು ನಿನಗ ಕಾಣ್ಸಲ್ಲ," ಎಂದಳು ತಿಮ್ಮವ್ವ.

ಉಡಚಮ್ಮ ಸಂಘ ಬಿಟ್ಟು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಭಾಗ್ಯಲಕ್ಷ್ಮಿ ಎಂಬವರ ಬ್ಲೌಸ್ ಅಂಗಡಿ ಸೇರಿದಳು. ಅಲ್ಲಿ ಹೊಲಿದಷ್ಟು ಕೂಲಿ. ಮನೆಗೆ ಫ್ರಿಜ್ ಬಂತು. ಬಸ್ಸಿನಲ್ಲಿ ಪುಷ್ಪಲತಾ ಸಿಕ್ಕರೆ ತಾನೇ ಮುಂದಾಗಿ ಆ ಸುದ್ದಿ ತೆಗೆಯುತ್ತಿದ್ದಳು.

ಆಮೇಲೆ ಆಮ್ನಾ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಅವಳ ಕಸೂತಿ ನೋಡಿದವರು ಮದುವೆ ಬ್ಲೌಸುಗಳನ್ನೆಲ್ಲ ಅವಳಿಗೇ ಕೊಡತೊಡಗಿದರು. ಫ್ಯಾನಿನ ಕೆಳಗಿನ ಜಾಗವೂ ಅವಳದಾಯಿತು. ಒಂದು ದಿನ ಉಡಚಮ್ಮ ತಡೆಯಲಾರದೆ ಗಿರಾಕಿಯೊಬ್ಬರ ಕಿವಿಯಲ್ಲಿ, "ಆಕಿ ಹೊಲಿಗೆ ಬಿಚ್ಚತೈತ್ರಿ," ಎಂದಳು. ಅವರು ಅಲ್ಲೇ ಆಮ್ನಾ ಹೊಲಿದ ಬ್ಲೌಸಿನ ತೋಳಿನ ಹೊಲಿಗೆಯನ್ನು ಜಗ್ಗಿ ನೋಡಿದರು. ಒಂದೆಳೆಯೂ ಜಾರಲಿಲ್ಲ. ಆಮ್ನಾ ತಲೆ ಎತ್ತಿ ನೋಡಿ ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಮುಂದಿನ ಬೇಸಿಗೆಯಲ್ಲಿ ಉಡಚಮ್ಮನ ಬಲಗೈ ಮಣಿಕಟ್ಟು ಬಾತು, ಕತ್ತರಿ ಹಿಡಿಯಲೂ ಆಗದಾಯಿತು.

"ವಾಸಿ ಆದಮ್ಯಾಲೆ ಬರ್ರಿ," ಎಂದರು ಭಾಗ್ಯಲಕ್ಷ್ಮಿ. "ಸುಮ್ನೆ ಕೂಡ್ರಿಸಿ ಕೊಡಾಕ ನನ್ನ ಕೈಲಾಗಲ್ಲ. ಅಂಗಡಿ ಬಾಡಿಗಿ ನಾನೂ ಕಟ್ಟಬೇಕಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಉಡಚಮ್ಮನಿಂದ ಆಗಲಿಲ್ಲ. ವಿಧಿಯಿಲ್ಲದೆ ಸಂಘದ ಬಾಗಿಲಿಗೆ ಹೋದಳು. ತಿಮ್ಮವ್ವ ತೀರಿಕೊಂಡಿದ್ದಳು. ಅವಳ ಜಾಗದಲ್ಲಿ ಪುಷ್ಪಲತಾ ಇದ್ದಳು. ಎಡಗೈಯಲ್ಲೇ ಆಗುವಂಥ, ಗುಂಡಿ ವಿಂಗಡಿಸುವ ಕೆಲಸ ಕೊಟ್ಟು, ತಿಂಗಳ ಕೊನೆಗೆ ಎಲ್ಲರಷ್ಟೇ ಪಾಲನ್ನು ಮುಂದಿಟ್ಟಳು.

"ನನಗ ಕಡಿಮೆ ಕೊಡು ಪುಷ್ಪ. ನಾನು ಮಾಡಿದ್ದು ಅಷ್ಟಿಲ್ಲ."

"ಬ್ಯಾಡಕ್ಕ. ನಿನಗ ಕಡಿಮೆ ಕೊಟ್ರೆ, ನಾಳೆ ನನ್ನ ಕೈ ಬಿದ್ದಾಗ ನನಗೂ ಕಡಿಮೆ ಕೊಡ್ತಾರೆ."

ಉಡಚಮ್ಮ ಹಣವನ್ನು ಸೆರಗಿಗೆ ಕಟ್ಟಿಕೊಂಡಳು. ಹಗುರಾಗಬೇಕಿದ್ದ ಮನಸ್ಸು ಉರಿಯಿತು. ಇಂಥ ಮಾತು ತನ್ನ ಬಾಯಲ್ಲಿ ಒಂದು ದಿನವೂ ಬರಲಿಲ್ಲವಲ್ಲ ಎಂದು, ಈ ಸಲ ಅವಳು ಪುಷ್ಪಲತಾಳ ಮನಸ್ಸಿನ ಮೇಲೆಯೇ ಹೊಟ್ಟೆಕಿಚ್ಚುಪಟ್ಟಳು.