ಬಾಯಿ ಕಾಣುವ ಟೀವಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗರಿಗರಿ ಎಂದೇ ಕರೆಯುತ್ತಿದ್ದರು. ಅವಳು ಇಸ್ತ್ರಿ ಮಾಡಿ ಕಳಿಸಿದ ಹೋಟೆಲಿನ ಹಾಸು ಹೊದಿಕೆಗಳು ಮಡಿಕೆ ಬಿಡಿಸುವಾಗ ಹೊಸ ನೋಟಿನ ಹಾಗೆ ಸದ್ದು ಮಾಡುತ್ತವೆ ಎಂದು ಯಾರೋ ಹೇಳಿದ್ದೇ ಆ ಹೆಸರಿಗೆ ಮೂಲ. ಆ ಸದ್ದನ್ನು ಅವಳು ಮಾತ್ರ ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ, ಇಳಿದು ಹೋಗುವಾಗ ಎರಡು ಕಿವಿಗಳನ್ನೂ ಜೊತೆಗೆ ಒಯ್ದಿತ್ತು.

ಮಾತು ಹೋಗಿರಲಿಲ್ಲ. ಆದರೆ ತನ್ನ ದನಿ ತನಗೇ ಕೇಳದೆ ಅದು ಹಳಿ ತಪ್ಪಿತ್ತು. ಏರಿಳಿತವಿಲ್ಲದ, ಬಾವಿಯೊಳಗಿಂದ ಬಂದಂಥ ದನಿ. ಮೊದಲ ಸಲ ಕೇಳಿದವರು ಬೆಚ್ಚಿಬೀಳುತ್ತಿದ್ದರು, ಆಮೇಲೆ ಅವಳ ಮುಖಕ್ಕೆ ಕಿರುಚಿ ಉತ್ತರ ಕೊಡುತ್ತಿದ್ದರು. ಕುರುಡರ ಮುಂದೆ ದೀಪ ದೊಡ್ಡದು ಮಾಡಿದ ಹಾಗೆ! ಅವಳಿಗೆ ಬೇಕಾಗಿದ್ದದ್ದು ಕಿರುಚಾಟವಲ್ಲ, ಬೆಳಕಿನಲ್ಲಿ ಒಂದು ಬಾಯಿ. ತುಟಿ ಕಂಡರೆ ಸಾಕು, ಮಾತು ಹಿಡಿಯುತ್ತಿದ್ದಳು. ಮೀಸೆ ಬಿಟ್ಟವರ ಮಾತು ಅರ್ಧಂಬರ್ಧ, ವೀಳ್ಯ ಜಗಿಯುವವರದ್ದು ದೇವರಿಗೇ ಪ್ರೀತಿ.

ಈ ವಿದ್ಯೆಯನ್ನು ಅವಳಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ಕಲಿಸಿದವನು ತಮ್ಮ. ಅವಳು ಜ್ವರದಿಂದ ಎದ್ದು ಕೂತಾಗ ಮನೆಯ ದೊಡ್ಡವರೆಲ್ಲ ತಲೆಯ ಮೇಲೆ ಕೈ ಹೊತ್ತಿದ್ದರೆ, ಆ ಪುಟ್ಟ ಹುಡುಗ ಎದುರು ಬಂದು ಮಂಡಿಯೂರಿ, ಒಂದೊಂದೇ ಮಾತನ್ನು ಬಾಯಲ್ಲಿ ಉರುಳಿಸಿ ಉರುಳಿಸಿ ತೋರಿಸಿದ್ದ. ಅವನೇ ಈಗ ಬಸ್ ಕಂಡಕ್ಟರ್. ಅವಳಿಗೆ ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತಮ್ಮ ಮತ್ತು ಅವನ ಹೆಂಡತಿಯ ಜೊತೆಗೇ ಇದ್ದಳು. ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ಕೋಣೆ ಗಂಡ ಹೆಂಡತಿಗೆ, ಹಾಲಿನ ಮೂಲೆಯ ಮಂಚ ಅವಳಿಗೆ.

ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಬಂದವನಿಗೆ ಮನೆಯಲ್ಲಿ ಬಾಯಿ ತೆರೆಯಲು ಬೇಸರ. ಮಾತಾಡಿದರೂ ಫೋನಿನ ಮೇಲೆ ಕಣ್ಣಿಟ್ಟು, ಗದ್ದ ಎದೆಗೆ ಒತ್ತಿ. ಅದರಲ್ಲಿ ಅವಳು ಏನನ್ನು ಓದಬೇಕು? ಹಾಗಾಗಿ ಅವಳ ಸಂಜೆಗಳಿಗೆ ಉಳಿದ ಜೊತೆ ಟೀವಿ. ಕೆಲಸ ಕಾಯಂ ಆದ ವರ್ಷ ತಾನೇ ಕೊಂಡ, ಬೆನ್ನು ಉಬ್ಬಿದ ಹಳೇ ಡಬ್ಬ. ಸಂಜೆ ವಾರ್ತೆ ಓದುವ ಹೆಂಗಸೊಬ್ಬಳಿದ್ದಳು. ಎಂಥ ಅಚ್ಚುಕಟ್ಟಾದ ಬಾಯಿ ಅವಳದ್ದು! ಒಂದು ಅಕ್ಷರ ನುಂಗುತ್ತಿರಲಿಲ್ಲ. ಲಾಂಡ್ರಿಯಿಂದ ಬಂದು, ಉರಿಯುವ ಅಂಗೈಗೆ ತಣ್ಣೀರು ಹಾಕಿಕೊಂಡು, ಆ ಹೆಂಗಸಿನ ಮುಂದೆ ಕೂತರೆ ಲೋಕದಲ್ಲಿ ತನ್ನೊಂದಿಗೆ ನೆಟ್ಟಗೆ ಮುಖ ಕೊಟ್ಟು ಮಾತಾಡುವವರು ಒಬ್ಬರಾದರೂ ಇದ್ದಾರೆ ಎನಿಸುತ್ತಿತ್ತು.

ಒಂದು ಸಂಜೆ ಆ ಡಬ್ಬ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು.

ಹೊಸದಕ್ಕೆ ಹಾಕುವ ದುಡ್ಡು ಅವಳದ್ದೇ, ಆರಿಸಲು ಮಾತ್ರ ಮೂವರೂ ಹೋದರು. ಅಂಗಡಿಯವನಿಗೆ ಕತ್ತಿನಲ್ಲಿ ಟೈ, ತುಟಿಯ ಮೇಲೆ ಪೊದೆಯಂಥ ಮೀಸೆ. ಅವಳಿಗೆ ಅವನು ಅಲ್ಲಿಗೇ ಮುಗಿದ. ಅವನು ಎರಡು ಟೀವಿಗಳ ನಡುವೆ ನಿಂತು ತಮ್ಮನಿಗೆ ಹೇಳಿದ:

"ನೋಡಿ ಸಾರ್, ನಿಮ್ಮ ಬಜೆಟ್ಟಲ್ಲಿ ಎರಡೂ ಒಟ್ಟಿಗೆ ಸಿಗಲ್ಲ. ಇದು ಸ್ಮಾರ್ಟು. ಇಂಟರ್‌ನೆಟ್ಟು, ಸಿನಿಮಾ, ಆಟ, ಎಲ್ಲಾ ಬರುತ್ತೆ. ರಿಮೋಟ್ ಹಿಡ್ಕೊಂಡು ಮಾತಾಡಿದ್ರೆ ಸಾಕು, ತಾನೇ ಹುಡುಕಿ ಹಾಕುತ್ತೆ. ಪಿಕ್ಚರ್ ಮಾತ್ರ ಒಂಚೂರು ಅಡ್ಜಸ್ಟ್ ಮಾಡ್ಕೋಬೇಕು. ಅದು ಬರೀ ಟೀವಿ. ಪಿಕ್ಚರ್ ಕಣ್ಣಿಗೆ ಕಟ್ಟೋ ಹಾಗಿದೆ, ಆದ್ರೆ ಬೇರೇನೂ ಇಲ್ಲ. ಈಗಿನ ಕಾಲದಲ್ಲಿ ಅದನ್ನ ಯಾರು ಕೇಳ್ತಾರೆ?"

ಅವಳು ಅವನತ್ತ ನೋಡಲಿಲ್ಲ. ಎರಡು ಟೀವಿಗಳ ಮುಂದೆ ಏಡಿಯ ಹಾಗೆ ಅಡ್ಡಡ್ಡ ನಡೆದು, ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ ನೋಡಿದಳು. ಮನೆಯಲ್ಲಿ ಸೋಫಾ ಗಂಡ ಹೆಂಡತಿಯದ್ದು, ತನ್ನ ಮಂಚ ಪಕ್ಕದ ಗೋಡೆಗೆ ಎಂಬುದು ಅವಳ ಲೆಕ್ಕ. ಸ್ಮಾರ್ಟ್ ಟೀವಿಯಲ್ಲಿ ಎದುರಿಗೆ ನಿಂತಾಗ ಮುಖಗಳು ಪರವಾಗಿಲ್ಲ. ಪಕ್ಕಕ್ಕೆ ಸರಿದರೆ ಮಜ್ಜಿಗೆ ನೀರು ಸುರಿದ ಹಾಗೆ ಬಿಳಿಚಿಕೊಳ್ಳುತ್ತಿದ್ದವು. ಮಾತಾಡುತ್ತಿದ್ದವರು ತಲೆ ತಿರುಗಿಸಿದರೆ ತುಟಿಗಳು ಒದ್ದೆ ಬಟ್ಟೆಯ ಮೇಲೆ ಬಿದ್ದ ಶಾಯಿಯಂತೆ ಕದಡಿ ಹೋಗುತ್ತಿದ್ದವು. ಇನ್ನೊಂದರಲ್ಲಿ ಎಲ್ಲಿ ನಿಂತರೂ ಬಾಯಿ ಬಾಯಿಯಾಗಿಯೇ ಇತ್ತು. ಹಲ್ಲು, ನಾಲಿಗೆಯ ತುದಿ, ತುಟಿಯ ಅಂಚು, ಎಲ್ಲ.

"ಇದು!" ಎಂದಳು, ಆ ಎರಡನೆಯದನ್ನು ಮುಟ್ಟಿ. ಎಷ್ಟು ಜೋರಾಗಿ ಎಂಬುದು ಅವಳಿಗೆ ಗೊತ್ತಾಗಲಿಲ್ಲ. ಅಂಗಡಿಯೆಲ್ಲ ತಿರುಗಿ ನೋಡಿತು. ತಮ್ಮನ ಹೆಂಡತಿಯ ಮುಖ ಕೆಂಪಾಯಿತು.

ತಮ್ಮ ಆಗ ಬಹಳ ವರ್ಷಗಳಿಂದ ಮಾಡದ ಒಂದು ಕೆಲಸ ಮಾಡಿದ. ಅಕ್ಕನ ಎರಡೂ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡ. ಟ್ಯೂಬ್‌ಲೈಟಿನ ಕೆಳಗೆ ಮುಖ ತಂದು ನಿಧಾನವಾಗಿ ತುಟಿಯಾಡಿಸಿದ.

"ಅಕ್ಕಾ... ಸ್ಮಾರ್ಟ್ ಟೀವೀಲಿ ಅಕ್ಷರ ಬರುತ್ತೆ. ಅವರು ಮಾತಾಡಿದ್ದೆಲ್ಲ ಕೆಳಗಡೆ ಬರ್ಕೊಂಡು ಹೋಗುತ್ತೆ. ನೀನು ಓದ್ಬಹುದು. ಬಾಯಿ ನೋಡೋ ಕಷ್ಟಾನೇ ಇಲ್ಲ."

ಅವಳು ಅಕ್ಷರಕ್ಕೆ ಒಪ್ಪಿದಳೋ, ಆ ನಿಧಾನಕ್ಕೆ ಒಪ್ಪಿದಳೋ, ಅವಳಿಗೇ ತಿಳಿಯಲಿಲ್ಲ. ಕಣ್ಣು ತುಂಬಿ ಬಂತು. ತಲೆಯಾಡಿಸಿದಳು.

ಮೊದಮೊದಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಇಂಟರ್‌ನೆಟ್ಟಿನಲ್ಲಿ ಬರುವ ಸಿನಿಮಾಗಳಿಗೆ ನಿಜವಾಗಿಯೂ ಕೆಳಗೆ ಅಕ್ಷರ ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಮೂವರೂ ಒಂದು ಹಾಸ್ಯದ ಸಿನಿಮಾ ನೋಡಿದರು. ಅಲ್ಲಿಯವರೆಗೆ ಅವಳದ್ದು ಯಾವಾಗಲೂ ಎರಡನೇ ಪಂಕ್ತಿಯ ನಗು: ಬೇರೆಯವರು ನಕ್ಕಿದ್ದು ಕಂಡು, ಅವರು ನಿಲ್ಲಿಸುವ ಹೊತ್ತಿಗೆ ತಾನು ಶುರುಮಾಡುವುದು. ಆ ದಿನ ಮಾತ್ರ ಮೂವರೂ ಒಂದೇ ಕ್ಷಣಕ್ಕೆ ನಕ್ಕರು. ಒಮ್ಮೆಯಂತೂ ಬೇಗ ಓದಿ ಅವಳೇ ಮೊದಲು ನಕ್ಕುಬಿಟ್ಟಳು. ಮರುದಿನ ಲಾಂಡ್ರಿಯಲ್ಲಿ ಆ ಸಿನಿಮಾದ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿದಳು.

ವಾರ್ತೆಗೆ ಅಕ್ಷರ ಇರಲಿಲ್ಲ. ಮಂಚದ ಮೇಲಿಂದ ನೋಡಿದರೆ ವಾರ್ತೆಯ ಹೆಂಗಸಿನ ಬಾಯಿಯ ಜಾಗದಲ್ಲಿ ಒಂದು ಮಸುಕು ಕಲೆ ಅಲುಗಾಡುತ್ತಿತ್ತು. ಹೋಗಲಿ, ಸಿನಿಮಾ ಇದೆಯಲ್ಲ ಎಂದುಕೊಂಡಳು.

ಆಮೇಲೊಂದು ಸಂಜೆ ತಮ್ಮನ ಹೆಂಡತಿಯ ತಂಗಿ, ತಂಗಿಯ ಗಂಡ ಬಂದಿದ್ದರು. ರಿಮೋಟಿಗೆ ಮಾತಾಡಿ ಟೀವಿ ಓಡಿಸುವ ಚಮತ್ಕಾರವನ್ನು ಎಲ್ಲರೂ ಸರದಿಯಲ್ಲಿ ಮಾಡಿ ನೋಡಿದರು. "ಅತ್ತಿಗೆ, ನೀವೂ ಹೇಳಿ," ಎಂದು ತಮ್ಮನ ಹೆಂಡತಿ ರಿಮೋಟನ್ನು ಅವಳ ಕೈಗಿಟ್ಟಳು. ಅವಳು ಅದನ್ನು ಬಾಯಿಗೆ ಹತ್ತಿರ ಹಿಡಿದು, ಜಾಗ್ರತೆಯಿಂದ, "ಸುದ್ದಿ" ಎಂದಳು. ಟೀವಿ ಹುಡುಕಿ ಹುಡುಕಿ ಎಮ್ಮೆಗಳು ಕೆಸರಿನಲ್ಲಿ ಹೊರಳಾಡುವ ವಿಡಿಯೊ ಹಾಕಿತು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಎಮ್ಮೆಗೆ ನಗುತ್ತಿದ್ದಾರೆಂದು ತಿಳಿದು ಅವಳೂ ನಕ್ಕಳು. ತಂಗಿಯ ಗಂಡ ಮೂಗು ಹಿಂಡಿಕೊಂಡು, ಬಾಯಿ ಸೊಟ್ಟ ಮಾಡಿ, ಅವಳು ಹೇಳಿದ್ದನ್ನು ಮತ್ತೊಮ್ಮೆ ಹೇಳಿ ತೋರಿಸಿದಾಗ ಅವಳ ನಗು ನಿಂತಿತು. ತಮ್ಮನ ಕಡೆ ನೋಡಿದಳು. ಅವನು ಕಣ್ಣೊರೆಸಿಕೊಳ್ಳುತ್ತಿದ್ದ, ನಕ್ಕು ನಕ್ಕು ಬಂದ ನೀರು.

ಅಕ್ಷರಗಳು ಹೋದದ್ದೂ ಅದೇ ಸುಮಾರಿಗೆ. ಒಂದೇ ದಿನ ಹೋಗಲಿಲ್ಲ. ಮೊದಲು ನೆಂಟರು ಬಂದಾಗ ತೆಗೆದರು, ಅಡ್ಡ ಬರುತ್ತದೆ ಎಂದು. ಆಮೇಲೆ ಹಾಡು ಬಂದಾಗ. ಆಮೇಲೆ ತೆಗೆದದ್ದನ್ನು ಹಾಕಲು ಮರೆತರು. "ಅಕ್ಷರ" ಎಂದು ಅವಳು ಕೇಳಿದರೆ ತಮ್ಮನ ಹೆಂಡತಿ ಉಸಿರು ಬಿಟ್ಟು ರಿಮೋಟ್ ಎತ್ತಿಕೊಳ್ಳುತ್ತಿದ್ದಳು. ಆ ಉಸಿರು ಕೇಳಿಸದಿದ್ದರೂ ಭುಜ ಏರಿ ಇಳಿಯುವುದು ಕಾಣಿಸುತ್ತಿತ್ತು. ಕೇಳುವುದನ್ನು ಕಡಿಮೆ ಮಾಡಿದಳು.

ಒಂದು ರಜೆಯ ದಿನ ಬೆಳಗ್ಗೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಹಾಲಿನ ಕಿಟಕಿಯಿಂದ ಬಿಸಿಲು ನೇರವಾಗಿ ತಮ್ಮನ ಮುಖದ ಮೇಲೆ ಬಿದ್ದಿತ್ತು. ಹೆಂಡತಿ ಈ ಕಡೆ ಬೆನ್ನು ಮಾಡಿ ಏನೋ ಕೇಳುತ್ತಿದ್ದಳು. ತಮ್ಮ ಆಗಷ್ಟೇ ಗಡ್ಡ ಮೀಸೆ ಬೋಳಿಸಿದ್ದ. ಕಿವುಡಿಯ ಹತ್ತಿರ ಗುಟ್ಟು ಆಡಲು ದನಿ ತಗ್ಗಿಸಬೇಕಿಲ್ಲ ಎಂಬ ಧೈರ್ಯದಲ್ಲಿ ಅವನು ಬಾಯ್ತುಂಬ ಮಾತಾಡಿದ.

"ಅಯ್ಯೋ, ಅಕ್ಷರ ಗಿಕ್ಷರ ಅಂತ ಅಂಗಡೀಲಿ ಹಾಗೆ ಹೇಳ್ದೆ ಕಣೇ. ಹೇಳ್ದಿದ್ರೆ ಅವಳು ಆ ದಂಡಪಿಂಡ ಟೀವೀನೇ ಹಿಡ್ಕೊಂಡು ಕೂರ್ತಿದ್ಲು. ದುಡ್ಡು ಅವಳದ್ದಲ್ವಾ, ಒಪ್ಪಿಸಬೇಕಿತ್ತು. ಬಿಡು, ಕೇಳಿದಾಗ ಕೇಳ್ತಾಳೆ, ಆಮೇಲೆ ಸುಮ್ನಾಗ್ತಾಳೆ. ಅವಳಿಗೇನು, ಏನೋ ಒಂದು ಅಲ್ಲಾಡ್ತಾ ಇದ್ರೆ ಆಯ್ತು."

ಒಂದು ಮಾತೂ ತಪ್ಪಲಿಲ್ಲ. ಅವನೇ ಕಲಿಸಿದ ವಿದ್ಯೆ.

ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಮುಗಿಸಿ, ಸ್ಟ್ಯಾಂಡಿನಲ್ಲಿಟ್ಟು, ಹಾಲಿಗೆ ಬಂದು ಅವನೆದುರು ನಿಂತಳು.

"ನೋಡ್ದೆ," ಎಂದಳು.

"ಏನು?"

"ನೀನು ಹೇಳಿದ್ದು. ಪೂರ್ತಿ."

ಅವನ ಮುಖ ಕಪ್ಪಿಟ್ಟಿತು. ಏನೋ ಹೇಳಿದ, ಬಡಬಡನೆ. ತಪ್ಪು ತಿಳ್ಕೋಬೇಡ ಎಂದೋ, ತಮಾಷೆಗೆ ಎಂದೋ. ಓದಬಹುದಿತ್ತು. ಅವಳು ಓದಲಿಲ್ಲ. ಕಣ್ಣನ್ನು ಅವನ ಬಾಯಿಯಿಂದ ತೆಗೆದು ಗೋಡೆಯ ಮೇಲಿಟ್ಟಳು. ಅವಳಂಥವರಿಗೆ ಬಾಗಿಲು ಹಾಕಿಕೊಳ್ಳುವುದೆಂದರೆ ಅಷ್ಟೇ.

ಆ ದಿನದಿಂದ ಮನೆಯೊಳಗೆ ದನಿ ತೆಗೆಯುವುದನ್ನೇ ಬಿಟ್ಟಳು. ಬೇಕಾದ್ದನ್ನು ಕೈಯಲ್ಲಿ ತೋರಿಸುವುದು, ಬೇಡವಾದ್ದಕ್ಕೆ ತಲೆ ಅಡ್ಡಕ್ಕೆ ಆಡಿಸುವುದು. ಮುನಿಸು ನಾಲ್ಕು ದಿನ, ಆಮೇಲೆ ಸರಿಹೋಗುತ್ತದೆ ಎಂದು ಗಂಡ ಹೆಂಡತಿ ಕಾದರು. ಆಮೇಲೆ ಕಾಯುವುದನ್ನು ಮರೆತರು. ಮನೆ ಒಂದಿಷ್ಟು ಶಾಂತವಾಯಿತು ಎಂದು ತಮ್ಮನ ಹೆಂಡತಿ ಪಕ್ಕದ ಮನೆಯವಳಿಗೆ ಹೇಳಿದಳಂತೆ.

ಟೀವಿಯ ಜಾಣತನವೂ ಬಹಳ ಕಾಲ ಬಾಳಲಿಲ್ಲ. ಮೊದಲು ನಿಧಾನವಾಯಿತು. ಗುಂಡಿ ಒತ್ತಿ, ಒಂದು ಲೋಟ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಆಮೇಲೆ ಒಂದೊಂದೇ ಆಪ್ ಕೈಕೊಟ್ಟಿತು: ಈ ಸಾಧನದಲ್ಲಿ ಈ ಸೇವೆ ಇನ್ನು ಲಭ್ಯವಿಲ್ಲ. ತಮ್ಮ ಅಂಗಡಿಗೆ ಹೋಗಿ ಕೂಗಾಡಿ ಬಂದ. ಹಳೇ ಮಾಡೆಲ್ಲು, ಹೊಸದು ತಗೊಳ್ಳಿ ಎಂದರಂತೆ. ಗಂಡ ಹೆಂಡತಿ ತಂತಮ್ಮ ಫೋನುಗಳಲ್ಲಿ ಸಿನಿಮಾ ನೋಡತೊಡಗಿದರು. ರಿಮೋಟು ಸೀದಾ ಅವಳ ಮಂಚಕ್ಕೆ ಬಂತು. ಇನ್ನು ನೀನೇ ನೋಡ್ಕೋ ಎಂಬಂತೆ ತಮ್ಮ ಕೈಯಾಡಿಸಿದ. ಜಾಣತನ ಹೋದ ಮೇಲೆ ಅದರಲ್ಲಿ ಉಳಿದಿದ್ದದ್ದು ಆ ಮಜ್ಜಿಗೆ ನೀರಿನ ಮುಖಗಳು. ಸೋಫಾದಲ್ಲಿ ಎದುರಿಗೆ ಕೂತರೂ ಅಷ್ಟೇ, ಅಷ್ಟರಲ್ಲಿ ಪರದೆಯ ಬೆಳಕೂ ಕುಗ್ಗಿತ್ತು. ವಾರ್ತೆಯ ಹೆಂಗಸು ಬದಲಾಗಿ ಬೇರೆ ಯಾರೋ ಬಂದಿದ್ದಳು. ಅವಳ ಬಾಯಿ ಹೇಗಿದೆ ಎಂಬುದೂ ಗೊತ್ತಾಗಲಿಲ್ಲ.

ಆ ಹೊತ್ತಿಗೆ ಲಾಂಡ್ರಿಗೆ ಬಟ್ಟೆ ಕಳಿಸುವ ಹೋಟೆಲಿನವರು ಕೋಣೆಗಳ ಹಳೇ ಟೀವಿಗಳನ್ನೆಲ್ಲ ಕಿತ್ತು ಅಗ್ಗಕ್ಕೆ ಮಾರಿ ಸ್ಮಾರ್ಟ್ ಹಾಕಿಸುತ್ತಿದ್ದರು. ಬಟ್ಟೆ ಗಂಟು ತರುವ ವ್ಯಾನಿನ ಡ್ರೈವರ್ ಅದನ್ನು ಮಾತಿಗೆ ಹೇಳಿದ್ದೇ ತಡ, ಅವಳು ಅವನ ಜೊತೆ ವ್ಯಾನ್ ಹತ್ತಿ ಹೋದಳು. ಗೋದಾಮಿನಲ್ಲಿ ಸಾಲಾಗಿ ಒರಗಿಸಿದ್ದ ಟೀವಿಗಳಲ್ಲಿ ಒಂದನ್ನು ಹಾಕಿಸಿ, ಅಡ್ಡಡ್ಡ ನಡೆದು ನೋಡಿ ಆರಿಸಿದಳು. ಬರೀ ಟೀವಿ. ಬಾಯಿ ಬಾಯಿಯಾಗಿ ಕಾಣುವಂಥದ್ದು.

ಮನೆಗೆ ತಂದಾಗ ತಮ್ಮ ಬಾಗಿಲಲ್ಲೇ ತಡೆದ. "ಇರೋ ಹಾಲಲ್ಲಿ ಎರಡೆರಡು ಟೀವಿನಾ? ಜನ ನಗ್ತಾರೆ. ಚೆನ್ನಾಗಿರೋದನ್ನ ತೆಗೆದು ಹಾಕೋಕಾಗುತ್ತಾ?" ಅವಳು ವಾದಿಸಲಿಲ್ಲ. ವ್ಯಾನು ಇನ್ನೂ ಹೊರಟಿರಲಿಲ್ಲ. ಟೀವಿಯನ್ನು ವಾಪಸು ಏರಿಸಿ ಲಾಂಡ್ರಿಗೇ ಕೊಂಡೊಯ್ದು, ಹೆಂಗಸರು ಊಟ ಮಾಡುವ ಕೋಣೆಯಲ್ಲಿ ಗೋಡೆಗೆ ಹಾಕಿಸಿದಳು. ಮಾಲೀಕನೂ ಬೇಡ ಎನ್ನಲಿಲ್ಲ. ಪುಕ್ಕಟೆ ಬಂದದ್ದು ಯಾರಿಗೆ ಬೇಡ?

ಆ ಕೋಣೆಯಲ್ಲಿ ಅಲ್ಲಿಯವರೆಗೆ ಹೆಂಗಸರೆಲ್ಲ ಡಬ್ಬಿ ಬಿಚ್ಚಿ ಸುತ್ತ ಕೂರುತ್ತಿದ್ದರು. ಗಂಡಂದಿರ ಮೇಲಿನ ದೂರು, ಮೇಸ್ತ್ರಿಯ ಮೇಲಿನ ಬೈಗುಳ, ಯಾರದೋ ಮನೆಯ ರಾದ್ಧಾಂತ. ಸುತ್ತ ಕೂತದ್ದರಿಂದ ಅವಳಿಗೆ ಎಲ್ಲರ ಬಾಯಿಯೂ ಕಾಣುತ್ತಿತ್ತು. ಅದರ ಬೆಲೆಯನ್ನು ಅವಳು ಎಂದೂ ಯೋಚಿಸಿರಲಿಲ್ಲ. ಟೀವಿ ಬಂದ ವಾರದಲ್ಲೇ ಆ ಸುತ್ತು ಒಡೆದು ಸಾಲಾಯಿತು. ಎಲ್ಲರ ಮುಖವೂ ಗೋಡೆಯ ಕಡೆ. ತುತ್ತಿನ ನಡುವೆ ಪರಸ್ಪರ ಆಡುವ ಮಾತುಗಳೂ ಅತ್ತಲೇ. ಅವಳಿಗೆ ಉಳಿದದ್ದು ಕಿವಿ, ತುರುಬು, ಬೆನ್ನು. ಪರದೆಯ ಮೇಲೆ ಮಾತ್ರ ಯಾರೋ ಗುರುತಿಲ್ಲದವರು ಚೊಕ್ಕಟವಾಗಿ ಬಾಯಿ ಬಿಟ್ಟು ಅಳುತ್ತಿದ್ದರು.

ಕೆಲವು ದಿನ ಅವಳೂ ಸಾಲಿನಲ್ಲಿ ಕೂತಳು. ಆಮೇಲೆ ಒಂದು ಮಧ್ಯಾಹ್ನ ಸ್ಟೂಲು ಎತ್ತಿಕೊಂಡು ಹೋಗಿ ಟೀವಿಯ ಕೆಳಗೆ ಹಾಕಿ, ಪರದೆಗೆ ಬೆನ್ನು ಕೊಟ್ಟು ಕೂತಳು, ಹೆಂಗಸರ ಕಡೆ ಮುಖ ಮಾಡಿ.

ಬಟ್ಟೆ ಮಡಿಸುವ ದಪ್ಪಕ್ಕ ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. "ಇದೇನೇ ಗರಿಗರಿ, ಹಟ ಹಿಡಿದು ಟೀವಿ ತಂದೋಳು ನೀನು. ಬೆನ್ನು ಹಾಕ್ಕೊಂಡು ಕೂತಿದೀಯಲ್ಲ?"

"ಅದರೊಳಗಿರೋರು ಯಾವಾಗ ಬೇಕಾದ್ರೂ ನನ್ನ ಕಡೆ ನೋಡ್ತಾರೆ," ಎಂದಳು ಅವಳು, ಆ ಬಾವಿಯ ದನಿಯಲ್ಲಿ. "ನೀವು ನೋಡಲ್ಲ."

ದಪ್ಪಕ್ಕ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಳಿಸಿದಳು. ಪಕ್ಕದವಳು ಮುಜುಗರದಲ್ಲಿ ನಕ್ಕಳು. ಇನ್ನೊಬ್ಬಳು, "ಹೌದಲ್ವೇ, ಪಾಪ," ಎಂದದ್ದು ತುಟಿಯಲ್ಲಿ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಜಾಹೀರಾತು ಮುಗಿದಿರಬೇಕು. ಎಲ್ಲರ ಕಣ್ಣುಗಳೂ ಒಟ್ಟಿಗೆ ಅವಳ ತಲೆಯ ಮೇಲಕ್ಕೆ ಏರಿದವು.