ದಾಸವಾಳದ ಸೊಪ್ಪಿನ ತಲೆಸ್ನಾನ

ಮದುವೆಯಾಗಿ ನಾನು ತ್ರಿಪ್ಲಿಕೇನಿನ ಮನೆಗೆ ಬಂದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ನಮ್ಮ ಅತ್ತೆಯವರಿಗೆ ತಾವು ಮಾಡುವ ಸೀಗೆಪುಡಿಯ ಬಗ್ಗೆ ಬಹಳ ಹೆಮ್ಮೆ. ಸೀಗೆಕಾಯಿ, ಮೆಂತ್ಯ, ನಿಂಬೆಸಿಪ್ಪೆ ಎಲ್ಲವನ್ನೂ ತಾರಸಿಯ ಮೇಲೆ ಒಣಗಿಸಿ, ಮಿಲ್ಲಿನಲ್ಲಿ ಎದುರೇ ನಿಂತು ಪುಡಿ ಮಾಡಿಸಿಕೊಂಡು ಬರುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಅದನ್ನು ಗಂಜಿಯಲ್ಲಿ ಕಲಸಿ, ಬಟ್ಟಲನ್ನು ನನ್ನ ಕೈಗೆ ಕೊಡುತ್ತಿದ್ದರು.

ನನ್ನ ನೆತ್ತಿಗೆ ಅದು ಒಗ್ಗಲಿಲ್ಲ. ತವರಿನಲ್ಲಿ ಶಾಂಪೂ ಹಚ್ಚಿದರೂ ಕೆಂಪಾಗುತ್ತಿತ್ತು. ಇಲ್ಲಿ ಬೋರಿನ ಉಪ್ಪುನೀರು ಬೇರೆ. ಬ್ಯಾಂಕಿಗೆ ಹೋಗಿ ಕೆಲಸಕ್ಕೆ ಕೂತರೆ ಮಧ್ಯಾಹ್ನದವರೆಗೂ ತಲೆ ಉರಿಯುತ್ತಿತ್ತು. ಹೊಸ ಸೊಸೆ, ಹೇಳುವುದು ಹೇಗೆ? ಬಟ್ಟಲನ್ನು ಬಚ್ಚಲಿಗೆ ಸುರಿದು, ಬರೀ ಆ ಉಪ್ಪುನೀರನ್ನೇ ಹಾಕಿಕೊಂಡು ಬರತೊಡಗಿದೆ.

ಒಂದು ಶುಕ್ರವಾರ ಅತ್ತೆ ನನ್ನ ತಲೆ ಒರೆಸಲು ಟವೆಲ್ ಹಿಡಿದು ಬಂದರು. ಸೀಗೆಯ ವಾಸನೆಯೇ ಇಲ್ಲ. ಕೂದಲು ಬಿಡಿಸಿ ನೋಡಿದರೆ ನೆತ್ತಿಯ ತುಂಬ ಕೆಂಪು ಗುಳ್ಳೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಬಂದಾಗಿನಿಂದ ಎಂದೆ.

“ಹೇಳ್ಬೇಕು ತಾನೆ,” ಎಂದರು. ಟವೆಲನ್ನು ನನ್ನ ಹೆಗಲ ಮೇಲೆ ಹಾಕಿ, “ನಂಗೂ ಉರಿಯತ್ತಮ್ಮಾ. ಉರಿದ್ರೇನೇ ಕೊಳೆ ಹೋಗೋದು ಅಂತ ನಮ್ಮತ್ತೆ ಹೇಳ್ತಿದ್ರು. ಹಾಗೇ ನಂಬ್ಕೊಂಡು ಬಂದೆ.”

ಮುಂದಿನ ವಾರ ಕೆಳಗಿನ ಮನೆಯ ತಮಿಳು ಮಾಮಿಯನ್ನು ವಿಚಾರಿಸಿ, ಅವರ ಗಿಡದಿಂದ ದಾಸವಾಳದ ಸೊಪ್ಪು ತಂದರು. ನೀರಿನಲ್ಲಿ ಕಿವುಚಿ, ಆ ಹಸಿರು ಲೋಳೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಒಂದು ಚಮಚ ಹೆಸರುಹಿಟ್ಟು ಬೆರೆಸಿದರು. ಗುರುವಾರ ನನ್ನ ಕಿವಿಯ ಹಿಂದೆ ಚೂರು ಹಚ್ಚಿ ನೋಡಿದರು. ಏನೂ ಆಗಲಿಲ್ಲ. ಮರುದಿನ ಹೊಸದಾಗಿ ಲೋಳೆ ತೆಗೆದು, ತಾವೇ ಬಚ್ಚಲಿಗೆ ಬಂದು, ಉಗುರು ತಾಗದಂತೆ ಬೆರಳ ತುದಿಯಲ್ಲಿ ಸವರಿದರು. ತೊಳೆಯಲು ಬೋರಿನ ನೀರು ಬೇಡವೆಂದು, ಟ್ಯಾಂಕರ್ ಲಾರಿಯಿಂದ ಹಿಡಿದಿಟ್ಟ ಕುಡಿಯುವ ನೀರನ್ನೇ ಒಂದು ಕೊಡ ತೆಗೆದಿಟ್ಟಿದ್ದರು. ಆ ನೀರಿಗೆ ಬೀದಿಯಲ್ಲಿ ಕ್ಯೂ ನಿಂತವರು ಮಾವನವರು, ಅವರು ಗೊಣಗಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ.

ಲೋಳೆ ತಣ್ಣಗೆ ಕತ್ತಿನವರೆಗೂ ಇಳಿಯಿತು. ಉರಿಯಲಿಲ್ಲ. ನನಗೆ ಅಳು ಬಂತು. ಸುರಿಯುವ ನೀರಿನಲ್ಲಿ ಅವರಿಗೆ ಗೊತ್ತಾಯಿತೋ ಇಲ್ಲವೋ.

ಗುಳ್ಳೆ ಪೂರ್ತಿ ಆರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅತ್ತೆಯೂ ಸೊಪ್ಪನ್ನೇ ಹಚ್ಚಿಕೊಳ್ಳತೊಡಗಿದ್ದರು. ಒಬ್ಬರ ತಲೆಗೆ ಒಬ್ಬರು ನೀರು ಹಾಕುತ್ತ, ಇಬ್ಬರದೂ ಒಂದೇ ಕೊಡದಲ್ಲಿ ಮುಗಿಸುತ್ತಿದ್ದೆವು. ಎದುರುಬದುರು ಕೂತು ಹೇಳಲಾಗದ ಎಷ್ಟೋ ಮಾತುಗಳನ್ನು ಅವರು ನನ್ನ ಬೆನ್ನ ಹಿಂದೆ ನಿಂತು ಹೇಳಿದ್ದಾರೆ.