ಹತ್ತಿಸಿ ನೋಡಿದ ಕಾರು

ನನ್ನ ಭಾವ ರಾಚಪ್ಪನ ಬಗ್ಗೆ ಊರಿನವರು ಈಗಲೂ ಒಂದು ಮಾತು ಆಡುತ್ತಾರೆ. ದುಡ್ಡಿಗೆ ಲೋಭ ಮಾಡಿ ಹಳೇ ಕಾರು ತಂದ, ಹೆಂಡತಿಯನ್ನು ಕಳಕೊಂಡ ಎಂದು. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟೀ ಅಂಗಡಿ ಮುಂದೆ ಒಬ್ಬನ ಮೇಲೆ ಕೈಯೂ ಮಾಡಿದ್ದೇನೆ. ಹೊಸ ಕಾರಿಗೆ ಅವನ ಹತ್ತಿರ ದುಡ್ಡಿತ್ತು. ಆ ವರ್ಷ ಕಬ್ಬೂ ಕೈ ಹಿಡಿದಿತ್ತು, ಬೆಳ್ಳುಳ್ಳಿಯೂ ಕೈ ಹಿಡಿದಿತ್ತು. ಲೋಭ ಅವನ ಜಾಯಮಾನದಲ್ಲೇ ಇರಲಿಲ್ಲ.

ತಾಳವಾಡಿ ಹತ್ತಿರ, ಘಟ್ಟದ ಮೇಲಿನ ಪಣಕಹಳ್ಳಿಯಲ್ಲಿ ಅವನಿಗೆ ನೀರಾವರಿಯೂ ಸೇರಿ ನಾಲ್ಕೆಕರೆ. ಅದಕ್ಕಿಂತ ದೊಡ್ಡ ಆಸ್ತಿ ಎಂದರೆ ಅವನ ಕಣ್ಣು. ಜೀರಹಳ್ಳಿಯಿಂದ ಹಾಸನೂರಿನವರೆಗೆ ಯಾರು ಎತ್ತು ಕೊಳ್ಳಬೇಕಾದರೂ ರಾಚಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಬೇರೆಯವರಂತೆ ಸುಳಿ, ಬಾಲ, ಕೊಂಬು ಎಂದು ಅವನು ಹೊತ್ತು ಕಳೆಯುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುವುದು, ಆಮೇಲೆ ಗಾಡಿಗೆ ಕಟ್ಟಿ ಮೂಟೆ ಹೇರಿ ಏರು ಹತ್ತಿಸುವುದು. ಮಂಡಿ ಊರದೆ, ಅಕ್ಕಪಕ್ಕ ನೋಡದೆ ಹತ್ತಿದರೆ ಎತ್ತು ಆಯಿತು. ನಮ್ಮ ಕಡೆ ಎತ್ತಿನ ವ್ಯಾಪಾರ ಸಂತೆಯಲ್ಲೇ ಮುಗಿಯುವುದಿಲ್ಲ. ಮಾತು ಕುದುರಿದ ಮೇಲೆ ಕೊಳ್ಳುವವನು ಎತ್ತಿನ ಜೊತೆಯನ್ನು ಮನೆಗೆ ಹೊಡೆದುಕೊಂಡು ಬಂದು ಹೊಲದಲ್ಲಿ ಗೇಯಿಸಿ ನೋಡುತ್ತಾನೆ. ಒಪ್ಪಿಗೆಯಾದರೆ ಮಾರಿದವನು ಕೊಂಡವನ ಮನೆಗೆ ಬಂದು ಉಂಡು, ದುಡ್ಡು ತಗೊಂಡು ಹೋಗುತ್ತಾನೆ. ಒಪ್ಪಿಗೆಯಾಗದಿದ್ದರೆ ಎತ್ತು ವಾಪಸ್ಸು. ಅಪ್ಪನ ಕಾಲದಿಂದ ಹೀಗೇ ನಡೆದು ಬಂದಿದೆ.

ಅಕ್ಕ ಪುಟ್ಟನಂಜಮ್ಮನ ಎರಡೂ ಕಿಡ್ನಿ ಕೆಟ್ಟವು ಎಂದು ಗೊತ್ತಾಗಿದ್ದು ಎರಡು ಸಾವಿರದ ಆರರಲ್ಲಿ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕು ಎಂದರು. ಮೈಸೂರಿನಲ್ಲಿ ಸರದಿ ಸಿಗಲಿಲ್ಲ. ಸಿಕ್ಕಿದ್ದು ಘಟ್ಟದ ಕೆಳಗೆ, ಸತ್ಯಮಂಗಲ ದಾಟಿ ಇರುವ ಒಂದು ಆಸ್ಪತ್ರೆಯಲ್ಲಿ. ಅವಳ ಎಡಗೈ ಮಣಿಕಟ್ಟಿನ ಹತ್ತಿರ ಎರಡು ನರ ಸೇರಿಸಿ ಹೊಲಿದರು. ಅಲ್ಲಿ ಬೆರಳಿಟ್ಟರೆ ಒಳಗೆ ಜುಂ ಎನ್ನುತ್ತಿತ್ತು. ಆ ಜುಂ ಇರುವ ತನಕ ಸೂಜಿ ಚುಚ್ಚಬಹುದು, ಅದು ನಿಂತರೆ ದಾರಿ ಮುಚ್ಚಿತು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಭಾವ ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವಳ ಕೈ ಮುಟ್ಟಿ ನೋಡುತ್ತಿದ್ದ.

ಹೋಗುವಾಗ ಬಸ್ಸಿನಲ್ಲಿ ಹೇಗೋ ಕೂತು ಹೋಗುತ್ತಿದ್ದಳು. ಬರುವಾಗ ಅವಳ ಮೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಹತ್ತಿ ಮುಗಿಯುವಷ್ಟರಲ್ಲಿ ವಾಂತಿ ಮಾಡಿ ಮಾಡಿ ಸೀಟಿನಿಂದ ಜಾರುತ್ತಿದ್ದಳು. ಭಾವ ಕಾಲಿಡುವ ಜಾಗದಲ್ಲಿ ಗೋಣಿಚೀಲ ಹಾಸಿ ಮಲಗಿಸುತ್ತಿದ್ದ. ಜನ ಅವಳನ್ನು ದಾಟಿಕೊಂಡು ಇಳಿಯುತ್ತಿದ್ದರು. ಒಂದು ಶುಕ್ರವಾರ ಮನೆಗೆ ಬಂದವಳೇ, "ಇನ್ನ ನಾ ಒಲ್ಲೆ ಕಣ್ರೀ, ಇಂಗೆ ದನದಂಗೆ ಬಿದ್ಕಂಡು ಬರಕಿಂತ ಮನೇಲೇ ಸತ್ತೋಯ್ತೀನಿ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅವತ್ತೇ ಭಾವ ಕಾರು ತರುವುದು ಎಂದು ಮನಸ್ಸು ಮಾಡಿದ.

ಮೊದಲು ಹೊಸದನ್ನೇ ನೋಡಲು ನಾವಿಬ್ಬರೂ ಮೈಸೂರಿಗೆ ಹೋದೆವು. ಗಾಜಿನ ಅಂಗಡಿ. ಒಳಗೆ ನಾಲ್ಕು ಸಣ್ಣ ಕಾರು ಮದುವೆ ಹೆಣ್ಣುಗಳ ಹಾಗೆ ನಿಂತಿದ್ದವು. ಟೈ ಕಟ್ಟಿದ ಹುಡುಗನೊಬ್ಬ ಬಾಗಿಲು ತೆಗೆದು ತೆಗೆದು ತೋರಿಸಿದ.

"ಲೀಟರಿಗೆ ಹದಿನೆಂಟು ಕೊಡುತ್ತೆ ಸರ್. ಮೂರು ಸರ್ವೀಸು ಫ್ರೀ. ಎರಡು ವರ್ಷ ಏನಾದರೂ ನಮ್ಮದೇ ಜವಾಬ್ದಾರಿ."

"ಅದಿರ್ಲಿ ಕಣಪ್ಪ. ಐದಾಳು ಕೂತ್ರೆ ದಿಂಬಂ ಅತ್ತದಾ?" ಎಂದ ಭಾವ.

"ಎಲ್ಲಾ ಕಡೆನೂ ಹೋಗುತ್ತೆ ಸರ್. ಹೊಸ ಇಂಜಿನ್."

"ಒಸದು ಅಂತ ನಂಗೂ ಕಾಣ್ತದೆ. ಅತ್ತದಾ ಅಂತ ಕೇಳ್ದೆ."

ಹುಡುಗ ನನ್ನ ಮುಖ ನೋಡಿದ. ಅಷ್ಟರಲ್ಲಿ ಭಾವ ಚಪ್ಪಲಿ ಹೊರಗೆ ಬಿಟ್ಟು ಹಿಂದಿನ ಸೀಟಿಗೆ ಹತ್ತಿ, ಕಾಲು ಮಡಚಿ ಮಲಗಿಯೇಬಿಟ್ಟಿದ್ದ.

"ಸರ್, ಏನ್ ಸರ್ ಇದು?"

"ಮನಗಿ ನೋಡ್ತಾವ್ನಿ. ನಮ್ಮೆಂಗ್ಸು ಬರುವಾಗ ಮನಿಕಂಡೇ ಬರ್ಬೇಕು. ಮಂಡಿ ಸ್ವಲ್ಪ ತಗಲ್ತದೆ. ಪರ್ವಾಗಿಲ್ಲ, ಅವ್ಳು ನನ್ಗಿಂತ ಗಿಡ್ಡ."

ಹುಡುಗನಿಗೆ ನಗು ತಡೆಯಲಾಗಲಿಲ್ಲ. ನಾನು, "ಏನ್ಲಾ ಕಿಸೀತೀಯ, ನಿಮ್ಮನೇಲಿ ಯಾರೂ ಮನಗಲ್ವಾ" ಎಂದು ಗದರಿದೆ. ಭಾವ ನನ್ನನ್ನು ಸುಮ್ಮನಿರಿಸಿದ. ಅವನಿಗೆ ಕಾರು ಒಪ್ಪಿಗೆಯಾಗಿತ್ತು. ಎದ್ದು ಕೂತು, "ಎರಡು ದಿನ ಊರಿಗೆ ತಕ್ಕಂಡೋಗಿ ನೋಡ್ಕಂಡು ಬತ್ತೀವಿ. ನಮ್ಮುಡ್ಗ ಟ್ರ್ಯಾಕ್ಟರ್ ಓಡುಸ್ತನೆ, ಲೈಸೆನ್ಸ್ ಅದೆ" ಎಂದ. ಅದಾಗುವುದಿಲ್ಲ ಎಂದರು. ಬೇಕಾದರೆ ಮುಂದಿನ ರಿಂಗ್ ರೋಡಿನಲ್ಲಿ ಒಂದು ಸುತ್ತು ಬನ್ನಿ, ಅದೂ ನಮ್ಮ ಡ್ರೈವರ್ ಓಡಿಸುತ್ತಾನೆ ಎಂದರು. ಸುತ್ತು ಬಂದೆವು. ರಸ್ತೆ ಕಣದ ಹಾಗೆ ಮಟ್ಟಸವಾಗಿತ್ತು. ಬುಕ್ ಮಾಡಿದರೆ ಕಾರು ಕೈಗೆ ಬರಲು ಒಂದೂವರೆ ತಿಂಗಳು ಎಂದೂ ಹೇಳಿದರು.

ವಾಪಸ್ಸು ಬಸ್ಸಿನಲ್ಲಿ ಬಂದೆವು. ಚಾಮರಾಜನಗರ ದಾಟಿದ ಮೇಲೆ ಭಾವ ನನ್ನ ಕಡೆ ತಿರುಗಿದ.

"ಗೇಯ್ಸಿ ನೋಡಕೆ ಬುಡ್ದೇ ಇರೋ ಎತ್ತ ಯಾರಾದ್ರೂ ತಕ್ಕತ್ತಾರಾ ಬಸವಣ್ಣ?"

"ಅದು ಎತ್ತಲ್ಲ ಭಾವ."

"ಎಳೀಬೇಕಾದ್ದೆಲ್ಲ ಎತ್ತೇ ಕಣ್ಲಾ. ದಾರಿ ನಡುವೆ ಮನಿಕಂಬುಟ್ರೆ ನಿಮ್ಮಕ್ಕನ ಎಗಲ ಮೇಲೆ ಒತ್ಕಂಡು ಅತ್ಲಾ?"

ನನಗೂ ಅದು ಸರಿ ಅನ್ನಿಸಿತು. ಯಾರಿಗೆ ತಾನೆ ಅನ್ನಿಸುವುದಿಲ್ಲ? ಅವಳಿಗೆ ಕಷ್ಟವಾಗುತ್ತಿದ್ದದ್ದು ಹತ್ತುವಾಗ. ಭಾವ, ಅಕ್ಕ, ನಾನು ಮೂವರೂ ಯೋಚನೆ ಮಾಡಿದ್ದೆಲ್ಲ ಹತ್ತುವುದನ್ನೇ.

ಆ ವಾರದ ಶನಿವಾರ ಸತ್ಯಮಂಗಲದಲ್ಲಿ ಹಳೇ ಕಾರು ಮಾರುವ ದಲ್ಲಾಳಿಯೊಬ್ಬ ಸಿಕ್ಕಿದ. ತಮಿಳಿನವನು, ಆದರೆ ಘಟ್ಟದ ಮೇಲಿನವರ ಜೊತೆ ವ್ಯವಹಾರ ಮಾಡಿ ಮಾಡಿ ಕನ್ನಡ ಕಲಿತಿದ್ದ. ಎಂಟು ವರ್ಷದ ಹಿಂದಿನ ಬಿಳಿ ಕಾರು ತೋರಿಸಿದ. ಒಬ್ಬನೇ ಓಡಿಸಿದ್ದಂತೆ, ಅದೂ ಊರೊಳಗೇ. ಭಾವ ಅದರ ಸುತ್ತ ಮೂರು ಸಲ ಬಂದ. ಬಾಗಿಲ ಕೆಳಗಿನ ತಗಡಿಗೆ ಉಗುರು ಹಾಕಿ ಕೆರೆದು ತುಕ್ಕು ನೋಡಿದ. ಟಯರಿನ ಗೀರಿಗೆ ಬೆರಳಿಟ್ಟ. ಹೊಗೆ ಬರುವ ಕೊಳವೆಗೆ ಅಂಗೈ ಅಡ್ಡ ಹಿಡಿದು ಮೂಸಿದ. ಸೀಟಿನ ಮೇಲೆ ಮಲಗಿದ. ಕೊನೆಗೆ ಮಾಮೂಲಿನಂತೆ ಕೇಳಿದ, ಎರಡು ದಿನ ತಕ್ಕಂಡೋಗಿ ನೋಡ್ಲಾ ಎಂದು.

"ತಾರಾಳಮಾ ತಕೊಂಡು ಹೋಗಿ ಅಣ್ಣೇ. ಎರಡು ದಿನ ಅಲ್ಲ, ನಾಲ್ಕು ದಿನ ಇಟ್ಟುಕೊಳ್ಳಿ. ಮನಸ್ಸಿಗೆ ಬಂದರೆ ನಾನೇ ಮೇಲೆ ಬಂದು ದುಡ್ಡು ತಕೊಂಡು ಹೋಗ್ತೀನಿ. ನಿಮ್ಮ ಮನೆ ಊಟ ಬೇರೆ ಸಿಗುತ್ತೆ."

ಭಾವನ ಮುಖ ಅರಳಿತು. ಇಷ್ಟು ನಂಬಿಕೆ ಇಟ್ಟು ಮಾತಾಡುವವನು ಸುಳ್ಳು ಗಾಡಿ ಕೊಡುತ್ತಾನೆಯೇ ಎಂದ.

ಭಾವನ ಮಗ ಶಿವಶಂಕರ ಓಡಿಸಿದ. ಅವನ ಪಕ್ಕ ಭಾವ, ಹಿಂದೆ ನಾನು, ನನ್ನ ಪಕ್ಕ ದನಕ್ಕೆ ಹಾಕುವ ಪುಣ್ಣಾಕಿನ ಎರಡು ಮೂಟೆ, ಡಿಕ್ಕಿಯಲ್ಲಿ ಇನ್ನೊಂದು. ಬಣ್ಣಾರಿ ಬಿಟ್ಟು ಏರು ಶುರುವಾಯಿತು. ಕಾರು ಒಂದು ಕಡೆಯೂ ಮುಗ್ಗರಿಸಲಿಲ್ಲ. ಲಾರಿ ಹಿಂದೆ ನಿಲ್ಲಿಸಿ ಮತ್ತೆ ಎತ್ತಿದರೂ ಎತ್ತಿಕೊಂಡಿತು. ದಿಂಬಂ ತುದಿಯಲ್ಲಿ ನಿಲ್ಲಿಸಿ ಭಾವ ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬಿಸಿ ಇತ್ತು, ಆದರೆ ಕುದಿಯುತ್ತಿರಲಿಲ್ಲ.

"ನೊರೆ ಬಂದಿಲ್ಲ ನೋಡ್ಲಾ" ಎಂದು ನಕ್ಕ. ಆರು ತಿಂಗಳಲ್ಲಿ ಅವನು ನಕ್ಕಿದ್ದನ್ನು ಅವತ್ತೇ ನೋಡಿದೆ.

ಅಕ್ಕ ಹಿತ್ತಿಲ ಬಾಗಿಲಿಂದ ಬಂದು ಕಾರು ನೋಡಿದಳು. "ಕಿಟಕಿ ತೆಗ್ಯಕಾಯ್ತದಾ? ನಂಗೆ ಅಷ್ಟಾದ್ರೆ ಸಾಕು" ಎಂದಳು. ಆಮೇಲೆ ಭಾವನ ಕಡೆ ತಿರುಗಿ, "ಇದ್ನೇನೋ ಮೂಟೆ ಏರಿ ಅತ್ಸಿ ತಂದ್ರಿ. ನನ್ನೂ ಇಂಗೇ ಅತ್ಸಿ ನೋಡೇ ತಂದ್ರಾ?"

"ನಿನ್ನ ನೋಡ್ದೇ ತಂದೆ. ಅದ್ಕೇ ಇಂಗಾಗಿರದು."

"ಆಯ್ತಲ್ಲ, ವಾಪಸ್ಸು ಬುಟ್ಬನ್ನಿ. ನಮ್ಮ ಬಸವಣ್ಣ ಮಡೀಕತ್ತನೆ."

ಮಾರನೆಯ ದಿನ ಜೀರಹಳ್ಳಿ ಕಡೆಯ ಏರಿನಲ್ಲಿ ಇನ್ನೊಂದು ಸಲ ಹತ್ತಿಸಿದೆವು. ಸೋಮವಾರ ದಲ್ಲಾಳಿ ಬಸ್ಸಿನಲ್ಲಿ ಬಂದ, ಮುದ್ದೆ, ಅವರೆಕಾಳು ಸಾರು ಉಂಡ, ಎಲೆ ಅಡಿಕೆ ಹಾಕಿದ, ದುಡ್ಡು ತಗೊಂಡು ಬಸ್ಸಿನಲ್ಲೇ ಇಳಿದು ಹೋದ. ಹಾಗಾಗಿ ನಮ್ಮ ಕೈಗೆ ಬಂದ ಮೇಲೆ ಕಾರು ಒಮ್ಮೆಯೂ ಘಟ್ಟ ಇಳಿದಿರಲಿಲ್ಲ. ಹೊಲದ ದಾರಿಯಲ್ಲಿ, ತಾಳವಾಡಿ ಪೇಟೆಯಲ್ಲಿ ಬ್ರೇಕು ಹಿಡಿಯುತ್ತಿತ್ತು. ಮಟ್ಟಸ ನೆಲದಲ್ಲಿ ಹಿಡಿಯದೆ ಏನು?

ಮಂಗಳವಾರ ಬೆಳಗ್ಗೆ ಹೊರಟೆವು. ಶಿವಶಂಕರ ಓಡಿಸುತ್ತಿದ್ದ, ನಾನು ಅವನ ಪಕ್ಕ. ಹಿಂದೆ ಅಕ್ಕ ಕಿಟಕಿ ತೆಗೆದು ಎಡಗೈಯನ್ನು ಅಂಚಿನ ಮೇಲೆ ಇಟ್ಟುಕೊಂಡಿದ್ದಳು. ಭಾವ ಅವಳ ಪಕ್ಕ. ದಿಂಬಂ ದಾಟಿ ಇಳಿಯಲು ಶುರು ಮಾಡಿದೆವು. ಹುಡುಗ ಬ್ರೇಕಿನ ಮೇಲೆ ಇಟ್ಟ ಕಾಲು ತೆಗೆಯಲಿಲ್ಲ. ಅರ್ಧ ದಾರಿಗೆ ಏನೋ ಸುಟ್ಟ ವಾಸನೆ ಬಂತು.

"ಏನೋ ಸೀದೋಗ್ತಾ ಅದೆ ಕಣ್ರೀ" ಎಂದಳು ಅಕ್ಕ.

"ಮುಂದಿನ ಲಾರೀದು, ನೀ ಸುಮ್ಕಿರು" ಎಂದ ಭಾವ.

ಆಮೇಲಿನ ತಿರುವಿನಲ್ಲಿ ಶಿವಶಂಕರ, "ಮಾವಾ, ಇಡೀತಿಲ್ಲ" ಎಂದ. ಅಷ್ಟೇ ಅಂದದ್ದು. ನೋಡಿದರೆ ಅವನ ಕಾಲು ನೆಲ ಮುಟ್ಟಿತ್ತು. ಬಲಗಡೆ ಕಣಿವೆ, ಎಡಗಡೆ ಗುಡ್ಡ. ಹುಡುಗ ಗುಡ್ಡಕ್ಕೆ ತಿರುಗಿಸಿದ. ಅದೊಂದು ಬುದ್ಧಿ ಓಡಿತು ಅವನಿಗೆ, ಇಲ್ಲದಿದ್ದರೆ ಇದನ್ನು ಬರೆಯಲು ನಾನೂ ಇರುತ್ತಿರಲಿಲ್ಲ. ಕಾರು ಬಂಡೆಗೆ ಉಜ್ಜಿಕೊಂಡು ಹೋಗಿ ಮೋರಿಗೆ ಇಳಿದು ನಿಂತಿತು. ಹುಡುಗನ ಹಣೆ ಒಡೆದಿತ್ತು. ನನಗೂ ಭಾವನಿಗೂ ತರಚು ಗಾಯ. ಅಕ್ಕನ ಎಡಗೈ ಬಾಗಿಲಿಗೂ ಬಂಡೆಗೂ ನಡುವೆ ಸಿಕ್ಕಿತ್ತು.

ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಊದಿಕೊಂಡಿತ್ತು. ಭಾವ ರಸ್ತೆ ಬದಿ ಅವಳನ್ನು ಕೂರಿಸಿ ಅಲ್ಲಿ ಬೆರಳಿಟ್ಟ. ಇಟ್ಟ ಬೆರಳು ತೆಗೆಯಲೇ ಇಲ್ಲ. ಲಾರಿಯವರು ಇಳಿದು ಬಂದರು, ನೀರು ಕೊಟ್ಟರು, ಅಕ್ಕನನ್ನು ಎತ್ತಿ ಲಾರಿಯಲ್ಲಿ ಕೂರಿಸಿದರು. ಆಸ್ಪತ್ರೆ ಬಾಗಿಲವರೆಗೂ ಅವನ ಬೆರಳು ಅಲ್ಲೇ ಇತ್ತು. "ಸ್ವಲ್ಪ ಅದೆ, ಅಲ್ವಾ?" ಎಂದು ನನ್ನನ್ನು ಕೇಳಿದ. ನಾನೂ ಮುಟ್ಟಿ ನೋಡಿದೆ. ಏನೂ ಇರಲಿಲ್ಲ.

ಡಾಕ್ಟರು ಅವತ್ತು ಕುತ್ತಿಗೆಗೆ ಕೊಳವೆ ಹಾಕಿ ರಕ್ತ ತೊಳೆದರು. ಇನ್ನೊಂದು ಕೈಯಲ್ಲಿ ನರ ಸೇರಿಸೋಣ, ಅದು ಬಲಿಯುವವರೆಗೆ ಕೊಳವೆಯಲ್ಲೇ ನಡೆಸೋಣ ಎಂದರು. ಹೊರಗೆ ಬೆಂಚಿನ ಮೇಲೆ ಭಾವ ನನ್ನ ಪಕ್ಕ ಕೂತಿದ್ದ.

"ಇಳ್ಸಿ ನೋಡ್ಬೇಕು ಅಂತ ನಮ್ಗೆ ಒಬ್ರಿಗೂ ಒಳೀನಿಲ್ವಲ್ಲಾ ಬಸವಣ್ಣ."

ಮೆಕ್ಯಾನಿಕ್ಕು ಚಕ್ರ ಬಿಚ್ಚಿ ತೋರಿಸಿದ. ಬ್ರೇಕಿನ ಪಟ್ಟಿ ಸವೆದು ಬರೀ ತಗಡು ಉಳಿದಿತ್ತು. ನಾನು ನೇರ ದಲ್ಲಾಳಿ ಹತ್ತಿರ ಹೋಗಿ ಅಂಗಿ ಹಿಡಿದೆ. ಅವನು ಬಿಡಿಸಿಕೊಳ್ಳಲೂ ಇಲ್ಲ. "ಅಣ್ಣೇ, ನಾಲ್ಕು ದಿನ ಇಟ್ಟುಕೊಳ್ಳಿ ಅಂತ ನಿಮ್ಮ ಕೈಗೇ ಕೊಟ್ಟೆ. ಹತ್ತಿಸಿ ನೋಡಿದಿರಿ, ಮೂಟೆ ಹೇರಿ ನೋಡಿದಿರಿ. ಇಳಿಸಿ ನೋಡಬೇಡಿ ಅಂತ ನಾನು ಅಂದೆನಾ?" ಎಂದ. ಕಪಾಳಕ್ಕೆ ಕೊಟ್ಟೆ. ಅವನು ಹೇಳಿದ್ದು ನಿಜ ಎಂದು ಗೊತ್ತಿದ್ದೇ ಇನ್ನೊಂದು ಕೊಟ್ಟೆ.

ಶುಕ್ರವಾರ ಬಾಡಿಗೆ ಕಾರು ಮಾಡಿದೆವು. ಒಳ್ಳೆಯ ಗಾಡಿ, ಹಳಬ ಡ್ರೈವರು. ಇಳಿಯುವಾಗ ಒಂದೊಂದು ತಿರುವಿಗೂ ಭಾವ ಕಣ್ಣು ಮುಚ್ಚಿ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಳ್ಳುತ್ತಿದ್ದ. ಅವನ ತುಟಿ ಒಣಗಿ ಬೆಳ್ಳಗಾಗಿತ್ತು. ಅಕ್ಕ ರಸ್ತೆ ನೋಡಲಿಲ್ಲ, ಉದ್ದಕ್ಕೂ ಅವನನ್ನೇ ನೋಡುತ್ತಿದ್ದಳು.

ಮುಂದಿನ ಮಂಗಳವಾರ ಅದೇ ಬಾಡಿಗೆ ಕಾರು ಬಾಗಿಲಿಗೆ ಬಂತು. ಅಕ್ಕ ಏಳಲಿಲ್ಲ.

"ನಾ ಒಲ್ಲೆ."

ಭಾವ ಅವಳ ಸೀರೆ, ಟವೆಲು, ನೀರಿನ ಬಾಟ್ಲಿ ಎಲ್ಲ ಚೀಲಕ್ಕೆ ತುಂಬಿಕೊಂಡು ನಿಂತಿದ್ದ. "ಇವತ್ತೊಂದಿನ ಬಾ. ಬಲಗೈಲಿ ನರ ಒಲ್ದುಬುಟ್ರೆ ಸರಿಯಾಯ್ತದೆ ಅಂದವ್ರೆ."

"ಸರಿಯಾಯ್ತದಾ? ಆಮೇಲೂ ವಾರಕ್ಕೆರಡು ದಪ ಇಳೀಬೇಕು. ನಿಮ್ಮ ಆ ಮಕ ಇನ್ನೊಂದು ಸಲ ನಾ ನೋಡ್ನಾರೆ. ನಂಗೆ ಸಾಯದು ಅಂಜ್ಕೆ ಇಲ್ಲ. ಅದ ನೋಡದು ಅಂಜ್ಕೆ."

"ಅಂಗಾರೆ ನಾ ಬರಲ್ಲ. ಬಸವಣ್ಣ ಕರ್ಕಂಡೋಗ್ಲಿ."

"ಮನೇಲಿ ಕೂತ್ಕಂಡು ಏನ್ ನಗ್ತಾ ಇರ್ತೀರಾ ನೀವು?"

ನನಗೆ ತಡೆಯಲಾಗಲಿಲ್ಲ. ಏನು ಹುಡುಗಾಟ ಇದು, ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುತ್ತೇನೆ ಎಂದು ಕೂಗಾಡಿದೆ. ಶಿವಶಂಕರ ಹಣೆಯ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಹಜಾರದ ಕಂಬಕ್ಕೆ ಒರಗಿದ್ದ. ಅಕ್ಕ ನಾನು ಸುಸ್ತಾಗುವವರೆಗೆ ಕಾದಳು.

"ಕೂಗಬ್ಯಾಡ ಕಣ್ಲಾ, ತಲೆ ನೋಯ್ತದೆ. ಆ ಡ್ರೈವರಪ್ಪಂಗೆ ಕಾಪಿ ಕೊಟ್ಟು ಕಳ್ಸು. ಬೆಳಗ್ಗೆಯಿಂದ ಕಾಯ್ತಾ ಕೂತವ್ನೆ."

ಭಾವ ಹೊರಗೆ ಹೋಗಿ ಬಾಡಿಗೆ ಕೊಟ್ಟು ಗಾಡಿ ಕಳಿಸಿದ. ಒಳಗೆ ಬಂದು ಚೀಲದಿಂದ ಅವಳ ಸೀರೆ ತೆಗೆದು, ಮಡಿಕೆ ಕೆಡದ ಹಾಗೆ ಹಗ್ಗದ ಮೇಲೆ ಹಾಕಿದ.

ಆಮೇಲೆ ಅವಳಿಗೆ ಮುಖ, ಕಾಲು ಊದಿತು. ಉಸಿರಿಗೆ ಕಷ್ಟವಾಗಿ ದಿಂಬಿಗೆ ಒರಗಿಯೇ ಇರುತ್ತಿದ್ದಳು. ಭಾವ ಹೊಲದ ಕಡೆ ತಲೆ ಹಾಕಲಿಲ್ಲ, ಅವಳ ಬೆನ್ನ ಹಿಂದೆ ಕೂತು ಒರಗಿಸಿಕೊಂಡಿರುತ್ತಿದ್ದ. ದಿನಗಳು ಅವಳ ತಲೆಯಲ್ಲಿ ಕಲಸಿಹೋಗಿದ್ದವು. ಒಂದು ಬೆಳಗ್ಗೆ ಕಣ್ಣು ಬಿಟ್ಟು, "ಇವತ್ತು ಮಂಗ್ಳವಾರ ಅಲ್ವಾ? ಒರಡ್ಬೇಕಲ್ವಾ?" ಎಂದು ಏಳಲು ಹೋದಳು.

ಅವತ್ತು ಮಂಗಳವಾರವೇ.

"ಅಲ್ಲ, ಸೋಮವಾರ. ಮನಿಕೊ" ಎಂದ ಭಾವ.

ಅವಳು ಅವನನ್ನು ನಂಬಿ ಮತ್ತೆ ಒರಗಿದಳು. ಮಧ್ಯಾಹ್ನದ ಹೊತ್ತಿಗೆ ಹೋದಳು. ಸಂಜೆಗೆ ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಪದ್ಧತಿಯಂತೆ ಕೂರಿಸಿ, ವಿಭೂತಿ ಹಾಕಿ ಮಣ್ಣು ಮಾಡಿದೆವು. ಮಣ್ಣು ಎಳೆಯುವಾಗ ಭಾವ ಪಕ್ಕದಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದ, ಇವತ್ತು ಯಾವ ವಾರ ಎಂದು.